ನೀವು ಹೇಳಿದಿರಿ, ನಾವು ಮಾಡಿದೆವು

ಗೇನರ್ ಹೆಸ್ಲಪ್ ಜೀವನದಲ್ಲಿ ಮೊದಲ ಸಲ ಲಿಫ್ಟ್ ಹತ್ತಿದಾಗ ಅವಳಿಗೆ ಆರು ವರ್ಷ. ಒಂದು ಕೈಯಲ್ಲಿ ಅಮ್ಮನ ಕೋಟಿನ ಅಂಚು, ಇನ್ನೊಂದು ಕಂಕುಳಲ್ಲಿ ಅಜ್ಜಿಯ ಗಡಿಯಾರ. ಮಿಡಲ್ಸ್‌ಬರೋ ಊರಿನ ಹಡಗುಕಟ್ಟೆಯ ಹಿಂದಿದ್ದ ಸಾಲುಮನೆಗಳನ್ನು ನಗರಸಭೆಯವರು ಕೆಡವಿ, ಅಲ್ಲಿದ್ದವರನ್ನೆಲ್ಲ ಹೊಸದಾಗಿ ಎಬ್ಬಿಸಿದ ಎತ್ತರದ ಕಟ್ಟಡಕ್ಕೆ ಕಳಿಸಿದ್ದರು. ಅದರ ಹೆಸರು ಫುಲ್ಮರ್ ಹೌಸ್. ಏಳನೆಯ ಅಂತಸ್ತಿನ ಬಾಗಿಲು ತೆರೆದ ಅಮ್ಮ ಸೀದಾ ಬಚ್ಚಲಿಗೆ ಹೋದಳು. ಮನೆಯೊಳಗೇ ಬಚ್ಚಲು, ನಲ್ಲಿ ತಿರುಗಿಸಿದರೆ ಬಿಸಿನೀರು. ಅಮ್ಮ ತೊಟ್ಟಿಯ ಅಂಚಿನ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತಳು. ಸಂತೋಷಕ್ಕೂ ಜನ ಅಳುತ್ತಾರೆಂಬುದು ಗೇನರ್‌ಗೆ ಗೊತ್ತಾದದ್ದು ಅಂದೇ.

ಮುಂದೆ ಅವಳು ಉಕ್ಕಿನ ಕಾರ್ಖಾನೆಯ ಕೀತ್‌ನನ್ನು ಮದುವೆಯಾಗಿ ನದಿಯಾಚೆ ಹೋದಳು. ಮಕ್ಕಳಾಗಲಿಲ್ಲ. ಕೀತ್ ಕುಡಿಯುತ್ತಿದ್ದ, ಕುಡಿದಾಗ ಕೈ ಮಾಡುತ್ತಿರಲಿಲ್ಲ, ಸುಮ್ಮನೆ ದಿನಗಟ್ಟಲೆ ಮಾತು ಬಿಡುತ್ತಿದ್ದ. ಒಂದು ದಿನ ಗೇನರ್ ಬಟ್ಟೆ ಕಟ್ಟಿಕೊಂಡು ಅಮ್ಮನ ಏಳನೆಯ ಅಂತಸ್ತಿಗೇ ಮರಳಿದಳು. ಅಮ್ಮನಿಗೆ ಮರೆವು ಹತ್ತಿದ ಮೇಲೆ ಅವಳ ಬಾಯಿಗೆ ಗಂಜಿ ಇಟ್ಟಳು, ಕೊನೆಗೆ ಅಮ್ಮ ಕಣ್ಣು ಮುಚ್ಚಿದಳು, ಮನೆಯ ಬಾಡಿಗೆಚೀಟಿ ಗೇನರ್‌ಳ ಹೆಸರಿಗೇ ಬಂತು. ಅರವತ್ತರವರೆಗೂ ಹತ್ತಿರದ ಶಾಲೆಯ ಅಡಿಗೆಮನೆಯಲ್ಲಿ ಮಕ್ಕಳಿಗೆ ಬಡಿಸಿದಳು. ಮಂಡಿ ನೋವು ಕೊಟ್ಟಾಗ ಬಿಟ್ಟಳು.

ಅಷ್ಟರಲ್ಲಿ ಫುಲ್ಮರ್ ಹೌಸಿಗೂ ಮಂಡಿ ನೋವು ಬಂದಿತ್ತು. ನಗರಸಭೆ ತನ್ನ ಮನೆಗಳನ್ನೆಲ್ಲ ಒಂದು ಸಂಸ್ಥೆಯ ಕೈಗೆ ಒಪ್ಪಿಸಿ ಬಹಳ ಕಾಲವಾಗಿತ್ತು. ಎರಡು ಲಿಫ್ಟುಗಳಲ್ಲಿ ಒಂದು ಸದಾ ಕೆಟ್ಟಿರುತ್ತಿತ್ತು. ಮೆಟ್ಟಿಲಲ್ಲಿ ಉಚ್ಚೆಯ ವಾಸನೆ. ಸಮುದ್ರದ ಕಡೆಯ ಗೋಡೆಗಳು ಚಳಿಗಾಲ ಪೂರ್ತಿ ಬೆವರುತ್ತಿದ್ದವು, ಕಿಟಕಿ ಮೂಲೆಯಲ್ಲಿ ಕರೀ ಬೂಷ್ಟು ಹೂಬಿಡುತ್ತಿತ್ತು. ಸಂಸ್ಥೆಗೆ ಫೋನ್ ಮಾಡಿದರೆ ಕಾಯಿಸಿ ಸಂಗೀತ ಕೇಳಿಸುತ್ತಿದ್ದರು. ಮನುಷ್ಯರು ಸಿಕ್ಕಿದರೆ, "ಕಿಟಕಿ ತೆಗೆದಿಡಿ, ಒಳಗೆ ಬಟ್ಟೆ ಒಣಹಾಕಬೇಡಿ" ಎನ್ನುತ್ತಿದ್ದರು. ಟೀಸ್ ನದಿ ಸಮುದ್ರ ಸೇರುವ ಕಡೆ, ಜನವರಿಯಲ್ಲಿ, ಏಳನೆಯ ಅಂತಸ್ತಿನಲ್ಲಿ ಕಿಟಕಿ ತೆಗೆದಿಡಬೇಕಂತೆ!

ಅಂಥ ಹೊತ್ತಿನಲ್ಲೇ ಸರ್ಕಾರದ ಹೊಸ ನಿಯಮ ಬಂತು. ಬಡವರಿಗೆ ಮನೆ ಬಾಡಿಗೆಗೆ ಕೊಡುವ ಪ್ರತಿಯೊಂದು ಸಂಸ್ಥೆಯೂ ತನ್ನ ಬಾಡಿಗೆದಾರರಿಗೆ ಎಷ್ಟು ತೃಪ್ತಿಯಿದೆ ಎಂದು ವರ್ಷವರ್ಷ ಕೇಳಿ, ಊರಿಗೆಲ್ಲ ಸಾರಿ ಹೇಳಬೇಕು. ಹಾಗಾಗಿ ಸಂಸ್ಥೆಯವರು ಕೆಳಗಿನ ಸಭಾಕೋಣೆಯಲ್ಲಿ ಒಂದು ಮಧ್ಯಾಹ್ನ ಚಹಾ ಬಿಸ್ಕತ್ತು ಇಟ್ಟು ಜನರನ್ನು ಕರೆದರು. ಬಂದವರು ಬೆರಳೆಣಿಕೆಯಷ್ಟು. ಅವರಲ್ಲಿ ಅರ್ಧ ಜನ ಬಿಸ್ಕತ್ತಿಗೆ ಬಂದವರು.

ಮಾತಾಡಿದವನು ಡಾಮಿನಿಕ್ ಎಂಬ ಮೂವತ್ತು ದಾಟಿದ ಹುಡುಗ. ಬಾಡಿಗೆದಾರರ ಜೊತೆ ಮಾತುಕತೆ ನಡೆಸುವುದೇ ಅವನ ಕೆಲಸ. ಯಾರ್ಕ್ ಕಡೆಯವನು, ಕತ್ತಿಗೆ ಹೆಣೆದ ಮಫ್ಲರ್, ಮಾತು ಮೆತ್ತಗೆ. ಹಿಂದಿನ ಸಮೀಕ್ಷೆಯಲ್ಲಿ ಫುಲ್ಮರ್ ಹೌಸಿನ ಬಹುಪಾಲು ಮಂದಿ ತೃಪ್ತಿಯಿದೆ ಎಂದಿದ್ದಾರೆ, ಅದು ಸಂತೋಷದ ವಿಷಯ ಎಂದು ಅವನು ಹೇಳುತ್ತಿದ್ದಂತೆ ಗೇನರ್‌ಗೆ ನಗು ತಡೆಯಲಾಗಲಿಲ್ಲ.

"ಏನಮ್ಮಾ, ಯಾಕೆ ನಗ್ತೀರಿ?" ಎಂದ ಡಾಮಿನಿಕ್, ಕೋಪವಿಲ್ಲದೆ.

"ಶಾಲೇಲಿ ಮಕ್ಕಳನ್ನ ಊಟ ಹೆಂಗಿತ್ರೋ ಅಂತ ಕೇಳಿದ್ರೆ ಎಲ್ಲಾವೂ ಚೆನ್ನಾಗಿತ್ತು ಮಿಸ್ ಅಂತಿದ್ವು. ಯಾಕ್ ಹೇಳಿ? ಸೌಟು ನನ್ ಕೈಲಿತ್ತು. ನಾಳೆನೂ ನಾನೇ ಬಡಿಸ್ಬೇಕು. ನಿಮ್ ಬಿಲ್ಡಿಂಗಲ್ಲಿ ಇರೋರೂ ಅಷ್ಟೇ."

ಅವನು ಅದನ್ನು ಬರೆದುಕೊಂಡ. ಸಭೆ ಮುಗಿದ ಮೇಲೆ ಅವಳ ಬಳಿ ಬಂದು ನಿಂತ. "ಜನ ನಮ್ಮ ಹತ್ರ ನಿಜ ಹೇಳಲ್ಲ. ನಿಮ್ಮ ಹತ್ರ ಹೇಳ್ತಾರೆ. ಬಾಡಿಗೆದಾರರ ಸಮಿತಿಗೆ ಬನ್ನಿ ಗೇನರ್. ನಿಜವಾದ ಅಂಕಿ ನಮ್ಮ ಕೈಗೆ ಬಂದ್ರೆ ನಾನು ಅದನ್ನ ದೊಡ್ಡವರ ಮೇಜಿನ ಮೇಲೆ ಇಡ್ತೀನಿ. ಅಂಕಿ ಇಲ್ದೆ ಅವರು ಕದಲಲ್ಲ."

ಅವನು ಸುಳ್ಳು ಹೇಳಲಿಲ್ಲ. ಆಮೇಲೆ ಎಷ್ಟೋ ಸಲ ಗೇನರ್ ಆ ಮಾತನ್ನು ಮಗುಚಿ ಮಗುಚಿ ನೋಡಿದಳು. ಅದರಲ್ಲಿ ಸುಳ್ಳಿನ ಒಂದು ಎಳೆಯೂ ಸಿಗಲಿಲ್ಲ.

ಮನೆಯಲ್ಲಿ ಗೋಡೆ ನೋಡುತ್ತಾ ಕೂರುವುದಕ್ಕಿಂತ ಇದು ವಾಸಿ ಎಂದುಕೊಂಡು ಅವಳು ಒಪ್ಪಿದಳು. ಕೊರಳಿಗೆ ಗುರುತಿನ ಬಿಲ್ಲೆ ತೂಗಿಹಾಕಿಕೊಂಡು ಬಾಗಿಲು ಬಾಗಿಲು ತಟ್ಟಿದಳು. ಮುಂದಿನ ತಿಂಗಳು ಒಬ್ಬಳು ಹುಡುಗಿ ಫೋನ್ ಮಾಡುತ್ತಾಳೆ, ಇಂತಿಂಥದು ಕೇಳುತ್ತಾಳೆ, ಹೆದರಬೇಡಿ, ಮುಲಾಜು ನೋಡಬೇಡಿ, ಇದ್ದದ್ದು ಇದ್ದಂಗೆ ಹೇಳಿ. ಜನ ಬಾಗಿಲ ಸಂದಿಯಿಂದಲೇ ತಲೆಯಾಡಿಸಿದರು. ಐದನೆಯ ಅಂತಸ್ತಿನ ಮಿಶೆಲ್ ಗಾಂಟ್ ಮಾತ್ರ ಬಾಗಿಲು ಪೂರ್ತಿ ತೆಗೆದಳು. ಮಿಶೆಲ್‌ಗೆ ಇಪ್ಪತ್ತೊಂಬತ್ತು, ನಾಲಿಗೆ ಕತ್ತರಿ, ಸೊಂಟದ ಮೇಲೆ ಉಸಿರಿಗೆ ಒದ್ದಾಡುವ ಮಗಳು.

"ಹೇಳಿದ್ರೆ ಏನ್ ಕಿತ್ತಾಕ್ತಾರೆ?" ಎಂದಳು ಮಿಶೆಲ್. "ನಾನು ಹೇಳಿ ಹೇಳಿ ನನ್ ಬಾಯೇ ಸವೆದೋಯ್ತು."

"ಒಬ್ಬಳು ಹೇಳಿದ್ರೆ ಗೊಣಗಾಟ ಕಣೇ. ಎಲ್ಲಾರೂ ಹೇಳಿದ್ರೆ ಅಂಕಿ. ಅಂಕಿಗೆ ಹೆದರ್ತಾರಂತೆ."

"ನೀನು ಹೇಳ್ತಿದೀಯ ಅಂತ ಹೇಳ್ತೀನಿ. ಏನಾದ್ರೂ ಎಡವಟ್ಟಾದ್ರೆ ನಿನ್ನನ್ನೇ ಹಿಡ್ಕೊಳ್ಳೋದು, ಗೊತ್ತಾಯ್ತಾ?" ಎಂದು ಮಿಶೆಲ್ ನಕ್ಕಳು.

ಉಳಿದದ್ದು ಗೇನರ್‌ಳ ಪಕ್ಕದ ಮನೆ. ಅಲ್ಲಿ ಸಿರಿಲ್ ವೇಕ್ ಇದ್ದ. ಎಂಬತ್ತು ದಾಟಿದ ಮುದುಕ, ಒಂಟಿ. ಊರಿನ ನದಿಯ ಮೇಲೆ ನೀಲಿ ಬಣ್ಣದ ದೊಡ್ಡ ಕಬ್ಬಿಣದ ಸೇತುವೆಯೊಂದಿದೆ. ಕಾರುಗಳನ್ನು ತೊಟ್ಟಿಲಿನಲ್ಲಿ ತೂಗಿಸಿಕೊಂಡು ಆಚೆ ದಡಕ್ಕೆ ಸಾಗಿಸುತ್ತಿದ್ದ ಸೇತುವೆ. ಈಗ ಅದರ ಓಡಾಟ ನಿಂತಿದೆ. ಹರೆಯದಿಂದ ನಿವೃತ್ತಿಯವರೆಗೆ ಸಿರಿಲ್ ಅದಕ್ಕೆ ಬಣ್ಣ ಹೊಡೆದಿದ್ದ. ಒಂದು ತುದಿಯಿಂದ ಇನ್ನೊಂದು ತುದಿಗೆ ಬರುವಷ್ಟರಲ್ಲಿ ಮೊದಲ ತುದಿ ತುಕ್ಕು ಹಿಡಿದಿರುತ್ತಿತ್ತಂತೆ. ಅವನ ಅಡಿಗೆಮನೆಯ ಕಿಟಕಿಯಲ್ಲಿ ಆ ಸೇತುವೆ ಚೌಕಟ್ಟು ಹಾಕಿದ ಪಟದಂತೆ ಕಾಣುತ್ತಿತ್ತು. ಬೆಳಿಗ್ಗೆ ಚಹಾದ ಲೋಟ ಹಿಡಿದು ಅಲ್ಲಿ ಕೂತರೆ ಮಧ್ಯಾಹ್ನದವರೆಗೂ ಏಳುತ್ತಿರಲಿಲ್ಲ. ಶುಕ್ರವಾರ ಗೇನರ್ ಪೇಟೆಯಿಂದ ಪಾರ್ಮೊ ತರುತ್ತಿದ್ದಳು, ಚಪ್ಪಟೆ ಕೋಳಿಯ ಮೇಲೆ ಬಿಳಿಸಾರು, ಚೀಸು ಸುರಿದು ಸುಟ್ಟಿದ್ದು. ಇಬ್ಬರೂ ಅದನ್ನು ಅರ್ಧರ್ಧ ಮಾಡಿಕೊಂಡು ಅದೇ ಕಿಟಕಿಯಲ್ಲಿ ಕೂತು ತಿನ್ನುತ್ತಿದ್ದರು.

"ನನ್ನದೇನೂ ದೂರು ಇಲ್ಲ ಚಿನ್ನಾ," ಎಂದ ಸಿರಿಲ್, ವಿಷಯ ತೆಗೆದ ಕೂಡಲೇ. "ತಲೆ ಮೇಲೆ ಸೂರಿದೆ. ಇದ್ದುದ್ರಲ್ಲಿ ಪರವಾಗಿಲ್ಲ."

"ಹೋದ ಚಳಿಗಾಲ ಎರಡು ಸಲ ಆಸ್ಪತ್ರೆಗೆ ಹೋಗಿಬಂದ್ರಲ್ಲ, ಅದೂ ಪರವಾಗಿಲ್ವಾ?"

"ಅದು ವಯಸ್ಸು."

ಗೇನರ್ ಎದ್ದು ಅವನ ಮಲಗುವ ಕೋಣೆಗೆ ಹೋದಳು. ಮುದುಕ ಹಿಂದಿನಿಂದ, "ಏಯ್, ಅಲ್ಲಿಗ್ಯಾಕೆ ಹೋಗ್ತೀಯ?" ಎಂದು ಕೂಗಿದ. ಅವಳು ಬಟ್ಟೆಬೀರುವಿಗೆ ಭುಜ ಕೊಟ್ಟು ನೂಕಿದಳು. ಅದರ ಹಿಂದಿನ ಗೋಡೆ ಮೇಲಿನಿಂದ ಕೆಳಗಿನವರೆಗೆ ಕಪ್ಪಾಗಿತ್ತು. ಬರೀ ಕಪ್ಪಲ್ಲ, ಪದರ ಪದರ. ಪ್ರತಿ ವರ್ಷ ಸಿರಿಲ್ ಬಿಳಿ ಬಣ್ಣ ಬಳಿದಿದ್ದ, ಪ್ರತಿ ವರ್ಷ ಬೂಷ್ಟು ಅದನ್ನು ಒಳಗಿನಿಂದ ತಿಂದು ಹೊರಗೆ ಬಂದಿತ್ತು. ನಂತರ ಮಂಡಿಯಲ್ಲಿ ಬಲವಿಲ್ಲದೆ ಏಣಿ ಹತ್ತುವುದು ನಿಂತು, ಬೀರು ಎಳೆದು ಮುಚ್ಚಿದ್ದ.

"ಕೆಲಸ ಬಲ್ಲವನು ನಾನು," ಎಂದ ಸಿರಿಲ್ ಬಾಗಿಲಲ್ಲಿ ನಿಂತು. ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಿತ್ತು ಅವನ ದನಿಯಲ್ಲಿ. "ಅಷ್ಟು ದೊಡ್ಡ ಸೇತುವೇನೇ ತುಕ್ಕು ಹಿಡಿಯದಂಗೆ ನೋಡ್ಕೊಂಡೆ. ನನ್ನ ಗೋಡೆ ನಾನು ನೋಡ್ಕೊಳಕ್ಕಾಗಲಿಲ್ಲ ಅಂತ ಫೋನಲ್ಲಿ ಯಾರೋ ಹುಡುಗಿಗೆ ಹೇಳ್ಲಾ?"

"ಇದು ನಿಮ್ಮ ತಪ್ಪಲ್ಲ ಸಿರಿಲ್. ಗೋಡೆ ಅವರದು."

"ಹೇಳಿದ್ರೆ ಎಬ್ಬಿಸ್ತಾರೆ ಗೇನರ್. ದೂರು ಹೇಳೋ ಮುದುಕರನ್ನ ಎಲ್ಲಾದ್ರೂ ತಗೊಂಡೋಗಿ ಹಾಕ್ತಾರೆ."

"ಯಾರೂ ಎಬ್ಬಿಸಲ್ಲ. ಗೋಡೆ ರಿಪೇರಿ ಮಾಡ್ತಾರೆ ಅಷ್ಟೇ. ನಾನು ಸಮಿತೀಲಿ ಇದೀನಲ್ಲ, ನನ್ ಮಾತು ನಂಬಿ."

ಸಿರಿಲ್ ಗೋಡೆಯ ಕಪ್ಪನ್ನು ಉಗುರಿನಿಂದ ಕೆರೆದು ನೋಡಿದ. ಆಮೇಲೆ, "ಬೀರು ಹಿಂದಕ್ಕೆ ತಳ್ಳು" ಎಂದ.

ಫೋನ್ ಬಂದ ದಿನ ಗೇನರ್ ಅವನ ಜೊತೆಗೇ ಇದ್ದಳು. ಹುಡುಗಿಯ ದನಿ ಸ್ಪೀಕರಿನಲ್ಲಿ ಪಟಪಟ ಉದುರುತ್ತಿತ್ತು. ಮನೆ ಸುಸ್ಥಿತಿಯಲ್ಲಿದೆಯೇ? ತುಂಬಾ ತೃಪ್ತಿ, ಸುಮಾರು ತೃಪ್ತಿ, ಎರಡೂ ಇಲ್ಲ, ಸುಮಾರು ಅತೃಪ್ತಿ, ತುಂಬಾ ಅತೃಪ್ತಿ? ಸಿರಿಲ್ ಗೇನರ್‌ಳ ಮುಖ ನೋಡಿದ. ಅವಳು ತಲೆಯಾಡಿಸಿದಳು. "ತುಂಬಾ... ಕೊನೇದು," ಎಂದ. ದುರಸ್ತಿಗೆ? ಕೊನೇದು. ನಿಮ್ಮ ಮಾತಿಗೆ ಸಂಸ್ಥೆ ಕಿವಿಗೊಡುತ್ತದೆಯೇ? ಕೊನೇದು. ಪ್ರತಿ ಉತ್ತರಕ್ಕೂ ದನಿ ಒಂದಿಷ್ಟು ಗಟ್ಟಿಯಾಗುತ್ತಾ ಬಂತು. ಕೊನೆಗೆ ಹುಡುಗಿ ಇನ್ನೇನಾದರೂ ಹೇಳುವುದಿದೆಯೇ ಎಂದಾಗ ಮುದುಕ ನೆಟ್ಟಗೆ ಕೂತು, "ಇದೆ. ನಾನು ಸುಳ್ಳಾಡಿದ್ದೆ ಇಷ್ಟು ವರ್ಷ. ಮನೆ ಕೊಳೀತಾ ಇದೆ. ಬಂದು ನೋಡಿ" ಎಂದ. ಫೋನಿಟ್ಟು ನಕ್ಕ. ಹಲ್ಲಿಲ್ಲದ ಆ ನಗು ನೋಡಿ ಗೇನರ್‌ಗೆ ಗೆದ್ದೆವೆನ್ನಿಸಿತು.

ಅಂಕಿ ಬಂದಾಗ ಫುಲ್ಮರ್ ಹೌಸ್ ಸಂಸ್ಥೆಯ ಎಲ್ಲ ಕಟ್ಟಡಗಳ ಪೈಕಿ ತಳದಲ್ಲಿತ್ತು. ಐದರಲ್ಲಿ ಒಬ್ಬರಿಗೂ ತೃಪ್ತಿಯಿರಲಿಲ್ಲ. ಊರಿನ ಪತ್ರಿಕೆಯಲ್ಲಿ ಸುದ್ದಿಯಾಯಿತು. ಡಾಮಿನಿಕ್ ಹೇಳಿದಂತೆಯೇ ಅಂಕಿಯನ್ನು ದೊಡ್ಡವರ ಮೇಜಿನ ಮೇಲೆ ಇಟ್ಟ. ದೊಡ್ಡವರು ಕದಲಿದರು. ಆ ವಸಂತದಲ್ಲಿ ಲಿಫ್ಟು ಎರಡೂ ಓಡಿದವು. ಮೆಟ್ಟಿಲು ತೊಳೆದರು. ಬಚ್ಚಲುಗಳಿಗೆ ಗಾಳಿಯಂತ್ರ ಬಂತು. ಅಳತೆಪಟ್ಟಿ ಹಿಡಿದ ಎಂಜಿನಿಯರುಗಳು ಗೋಡೆ ಕೊರೆದು ಚೂರು ತೆಗೆದುಕೊಂಡು ಹೋದರು. ಕೆಳಗಿನ ಬಾಗಿಲಿನ ಬಳಿ ಒಂದು ಬಣ್ಣದ ಫಲಕ ಹಾಕಿದರು: ನೀವು ಹೇಳಿದಿರಿ, ನಾವು ಮಾಡಿದೆವು. ಅದರ ಕೆಳಗೆ ಲಿಫ್ಟ್, ಮೆಟ್ಟಿಲು, ಗಾಳಿಯಂತ್ರದ ಚಿತ್ರಗಳು. ಲಿಫ್ಟಿಗೆ ಕಾಯುವಾಗ ಜನ ಗೇನರ್‌ಳ ಬೆನ್ನು ತಟ್ಟಿದರು. ಮಿಶೆಲ್ ಕೂಡ, "ನಿನ್ನಿಂದ ಏನೋ ಆಯ್ತು ಬಿಡು ಮುದುಕಿ" ಎಂದಳು. ಅವಳ ಬಾಯಲ್ಲಿ ಅದು ಹಾರ ಹಾಕಿದ ಹಾಗೆ.

ಶರತ್ಕಾಲದಲ್ಲಿ ಮತ್ತೆ ಸಭೆ ಕರೆದರು. ಈ ಸಲ ಕೋಣೆ ತುಂಬಿತ್ತು. ಗೋಡೆಗೆ ಹೊರಗಿನಿಂದ ತೇವ ತಡೆಯುವ ಹೊದಿಕೆ ಹಾಕುತ್ತಾರೆಂಬ ಗುಲ್ಲು ಹಬ್ಬಿತ್ತು. ಡಾಮಿನಿಕ್ ಜೊತೆ ಸಂಸ್ಥೆಯ ಹಿರಿಯಳೊಬ್ಬಳು ಬಂದಿದ್ದಳು. ಡಾಮಿನಿಕ್ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಹಿರಿಯಳು ಒಳ್ಳೆಯ ಮಾತುಗಳನ್ನೇ ಆಡಿದಳು. ನಿಮ್ಮ ಪ್ರಾಮಾಣಿಕತೆಗೆ ಕೃತಜ್ಞತೆಗಳು. ನೀವು ಈ ಕಟ್ಟಡ ವಾಸಕ್ಕೆ ಯೋಗ್ಯವಲ್ಲ ಎಂದು ಒಕ್ಕೊರಲಿನಿಂದ ಹೇಳಿದ್ದೀರಿ. ನಾವು ಕೇಳಿಸಿಕೊಂಡಿದ್ದೇವೆ. ಎಂಜಿನಿಯರುಗಳೂ ಅದನ್ನೇ ಹೇಳಿದ್ದಾರೆ, ಸರಿಪಡಿಸುವುದು ಕೈಗೆಟಕುವ ಮಾತಲ್ಲ. ಆದ್ದರಿಂದ ಫುಲ್ಮರ್ ಹೌಸನ್ನು ಖಾಲಿ ಮಾಡಿಸಿ ಕೆಡವಲು ತೀರ್ಮಾನಿಸಿದ್ದೇವೆ. ಪ್ರತಿಯೊಬ್ಬರಿಗೂ ಬೇರೆ ಕಡೆ ಒಣಗಿದ, ಬೆಚ್ಚನೆಯ ಮನೆ ಸಿಗುತ್ತದೆ.

ಹಿಂದಿನ ಸಾಲಿನಿಂದ ಯಾರೋ ಒಬ್ಬರು, "ಮೂಗಿಗೆ ನೆಗಡಿ ಬಂತು ಅಂತ ಮೂಗೇ ಕೊಯ್ತೀರೇನ್ರೀ?" ಎಂದರು. ಗದ್ದಲವೆದ್ದಿತು. ಎಲ್ಲರೂ ಒಟ್ಟಿಗೇ ಮಾತಾಡಿದರು. ಒಟ್ಟಿಗೆ ಹೋಗುತ್ತೇವೆಯೇ, ಹತ್ತಿರವೇ ಕೊಡುತ್ತೀರಾ, ಹೊಸ ಕಟ್ಟಡ ಕಟ್ಟಿದ ಮೇಲೆ ಮರಳಬಹುದೇ. ಎಲ್ಲಿ ಖಾಲಿಯಿದೆಯೋ ಅಲ್ಲಿ, ಎಂದಳು ಹಿರಿಯಳು. ಈ ಜಾಗದಲ್ಲಿ ಮುಂದೆ ಏನು ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಜನ ಹೊರಗೆ ಹೋಗುವಾಗ ಮಿಶೆಲ್ ಗೇನರ್‌ಳ ಮುಂದೆ ಬಂದು ನಿಂತಳು. ಫಲಕದ ಕಡೆ ಕೈ ತೋರಿಸಿದಳು.

"ನೋಡು. ನೀನು ಹೇಳ್ದೆ, ಅವ್ರು ಮಾಡಿದ್ರು."

"ನಂಗೆ ಗೊತ್ತಿರ್ಲಿಲ್ಲ ಮಿಶೆಲ್. ದೇವರಾಣೆಗೂ ಗೊತ್ತಿರ್ಲಿಲ್ಲ."

"ಗೊತ್ತಿಲ್ದೆ ಇದ್ಮೇಲೆ ಬಾಗಿಲು ಬಾಗಿಲು ಯಾಕೆ ತಟ್ಟಕ್ ಬಂದೆ? ಕೊರಳಿಗೆ ಬಿಲ್ಲೆ ಬೇರೆ ಕೇಡು."

ಗೇನರ್ ಡಾಮಿನಿಕ್‌ನನ್ನು ಹಿಡಿದು ನಿಲ್ಲಿಸಿದಳು. ಅವನು ಕುರ್ಚಿಗಳನ್ನು ಮಡಿಸುತ್ತಿದ್ದ. "ನಿಮಗೆ ಯಾವಾಗ ಗೊತ್ತಾಯ್ತು?" ಎಂದಳು.

"ಹೋದ ವಾರ. ನಾನು ರಿಪೇರಿಗೇ ವಾದ ಮಾಡಿದೆ ಗೇನರ್. ಆದ್ರೆ ಅಂಕಿ ಅಷ್ಟು ಕೆಟ್ಟದಾಗಿದ್ರಿಂದ... ಅವರು ಹೇಳಿದ್ರು, ಇಲ್ಲಿ ಯಾರಿಗೂ ಇರೋಕೆ ಇಷ್ಟವಿಲ್ಲ, ಹಣ ಯಾಕೆ ಸುರೀಬೇಕು ಅಂತ."

"ಇರೋಕೆ ಇಷ್ಟವಿಲ್ಲ ಅಂತ ನಮ್ಮನ್ನ ಯಾರು ಕೇಳಿದ್ರು? ಆ ಪ್ರಶ್ನೆ ನಿಮ್ಮ ಪಟ್ಟೀಲಿ ಎಲ್ಲಿತ್ತು?"

ಡಾಮಿನಿಕ್ ಕೈಯಲ್ಲಿದ್ದ ಕುರ್ಚಿಯನ್ನು ಇನ್ನೊಂದರ ಮೇಲೆ ಒರಗಿಸಿದ. "ಇರಲಿಲ್ಲ," ಎಂದ.

ಮೇಲೆ ಹೋಗಿ ಸಿರಿಲ್‌ಗೆ ಹೇಳಬೇಕಿತ್ತು. ಅವನು ಸಭೆಗೆ ಇಳಿದಿರಲಿಲ್ಲ. ಗೇನರ್ ಚಹಾಕ್ಕೆ ನೀರಿಟ್ಟು, ಲೋಟ ತೊಳೆದು, ಹಾಲು ಸುರಿದು, ಮಾಡಬಹುದಾದ ಕೆಲಸವೆಲ್ಲ ಮುಗಿದ ಮೇಲೆ ಹೇಳಿದಳು. ಅವನು ಬೈಯುತ್ತಾನೆಂದುಕೊಂಡಿದ್ದಳು, ಬೈದರೆ ಎಷ್ಟೋ ವಾಸಿಯಿತ್ತು. ಸಿರಿಲ್ ಕಿಟಕಿಯಾಚೆ ನೋಡುತ್ತಾ, "ಹೋಗ್ಲಿ ಬಿಡು ಚಿನ್ನಾ. ನೀನು ಒಳ್ಳೇದಕ್ಕೆ ಮಾಡ್ದೆ" ಎಂದ.

ಚಳಿಗಾಲವಿಡೀ ಕಟ್ಟಡ ಹಲ್ಲುದುರಿದ ಬಾಯಿಯಂತೆ ಖಾಲಿಯಾಗುತ್ತಾ ಹೋಯಿತು. ಒಂದೊಂದು ಮನೆ ಬಿಟ್ಟಾಗಲೂ ಬಾಗಿಲಿಗೆ ಉಕ್ಕಿನ ತಗಡು ಬಡಿದರು. ಬಡಿಯುವ ಸದ್ದು ಅಂತಸ್ತು ಅಂತಸ್ತು ಕೇಳಿಸುತ್ತಿತ್ತು. ಬೀಳ್ಕೊಡುವಾಗ ಕೆಲವರು ಗೇನರ್‌ಳ ಕೈ ಹಿಡಿದರು, ಕೆಲವರು ಅವಳಿದ್ದ ಲಿಫ್ಟಿಗೆ ಹತ್ತಲಿಲ್ಲ. ಮಿಶೆಲ್‌ಗೆ ಊರ ಹೊರಗೆ ಹಿತ್ತಲಿರುವ ಪುಟ್ಟ ಮನೆ ಸಿಕ್ಕಿತು. ಹೋಗುವ ದಿನ ಏನೂ ಹೇಳದೆ ಹೋದಳು.

ಸಿರಿಲ್‌ಗೆ ಸ್ಟಾಕ್ಟನ್ ಊರಿನ ಆಚೆ, ವಯಸ್ಸಾದವರಿಗೆಂದೇ ಇರುವ ಕಟ್ಟಡದಲ್ಲಿ ನೆಲದಂತಸ್ತಿನ ಮನೆ ಕೊಟ್ಟರು. ಗೇನರ್ ಸಂಸ್ಥೆಯವರ ಮುಂದೆ ಹಟ ಹಿಡಿದಳು. ನದಿ ಕಾಣುವ ಮನೆ ಕೊಡಿ, ನನ್ನ ಹತ್ತಿರವೇ ಕೊಡಿ ಎಂದಳು. ಅವನ ಎದೆ, ಅವನ ಮಂಡಿ, ಅವನ ವಯಸ್ಸು, ಎಲ್ಲಕ್ಕೂ ನೆಲದಂತಸ್ತೇ ಸರಿ ಎಂದು ವೈದ್ಯರೂ ಬರೆದುಕೊಟ್ಟರು. ಅದೂ ಸುಳ್ಳಲ್ಲ. ಸಾಮಾನು ಸಾಗಿಸಿದ ದಿನ ಅವಳೇ ಅವನ ಪಕ್ಕ ವ್ಯಾನಿನಲ್ಲಿ ಕೂತಳು. ಹೊಸ ಮನೆ ಚೊಕ್ಕಟವಾಗಿತ್ತು. ಗೋಡೆ ಮುಟ್ಟಿದರೆ ಬೆಚ್ಚಗೆ. ಕಿಟಕಿಯಾಚೆ ಒಂದು ಅಂಗಡಿಯ ಹಿಂಗೋಡೆ, ಅದಕ್ಕೊರಗಿಸಿದ ತಳ್ಳುಗಾಡಿಗಳು.

ವಾರಕ್ಕೊಮ್ಮೆ ಗೇನರ್ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದಳು. ಪಾರ್ಮೊ ಅಷ್ಟು ದೂರ ಹೋಗುವಷ್ಟರಲ್ಲಿ ಆರಿ ತೊಗಲಾಗುತ್ತಿತ್ತು. ಆಮೇಲಾಮೇಲೆ ಕೇಕು ಒಯ್ದಳು. ಸಿರಿಲ್ ಕುರ್ಚಿಯನ್ನು ಕಿಟಕಿಗೆ ಬೆನ್ನು ಮಾಡಿ ಇಟ್ಟುಕೊಂಡಿದ್ದ.

"ಕೆಮ್ಮು ಹೆಂಗಿದೆ?"

"ಇಲ್ಲವೇ ಇಲ್ಲ."

"ಮನೆ ಒಣಗಿದೆ ತಾನೆ?"

"ಒಣಗಿದೆ ಕಣಮ್ಮಾ. ನಾನೂ ಒಣಗ್ತಾ ಇದೀನಿ." ನಗಲು ನೋಡಿದ. "ಮೊನ್ನೆ ಆ ಹುಡುಗಿ ಫೋನ್ ಮಾಡಿದ್ಲು. ಮತ್ತೆ ಅದೇ ಪ್ರಶ್ನೆ."

"ಏನಂದ್ರಿ?"

"ತುಂಬಾ ತೃಪ್ತಿ ಅಂದೆ. ಎಲ್ಲದಕ್ಕೂ. ಇನ್ನೆಲ್ಲಿಗಾದ್ರೂ ಎತ್ತಾಕಿದ್ರೆ ಏನ್ ಮಾಡ್ಲಿ?"

ಗೇನರ್ ಕೇಕು ಕತ್ತರಿಸುತ್ತಿದ್ದವಳು ಚಾಕು ಕೆಳಗಿಟ್ಟಳು. ಅವನ ಮುಖದಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ಹೆದರಿದ್ದ.

ಮುಂದಿನ ಚಳಿಗಾಲ ಕಳೆದು ಮಾರ್ಚಿನಲ್ಲಿ ಸಿರಿಲ್ ತೀರಿಕೊಂಡ. ಎದೆಯಲ್ಲಿ ಕಫವಿರಲಿಲ್ಲ, ಜ್ವರವಿರಲಿಲ್ಲ, ತಿನ್ನುವುದನ್ನು ನಿಲ್ಲಿಸಿದ್ದ ಅಷ್ಟೇ ಎಂದು ನೋಡಿಕೊಳ್ಳುತ್ತಿದ್ದ ದಾದಿ ಹೇಳಿದಳು. ದಹನದ ದಿನ ಚಿತಾಗಾರದ ದೊಡ್ಡ ಕೋಣೆಯಲ್ಲಿ ಕೆಲವೇ ಜನ. ಸೇತುವೆಯಲ್ಲಿ ಜೊತೆಗೆ ದುಡಿದ ಇಬ್ಬರು ಮುದುಕರು, ದಾದಿ, ಗೇನರ್. ಡಾಮಿನಿಕ್ ಕೊನೆಯ ಸಾಲಿನಲ್ಲಿ ಬಂದು ಕೂತಿದ್ದ. ಮುಗಿಯುವ ಹೊತ್ತಿಗೆ ಬಾಗಿಲು ತೆರೆದು ಮಿಶೆಲ್ ಬಂದಳು, ಮಗಳನ್ನು ನಡೆಸಿಕೊಂಡು.

ಹೊರಗೆ ಗಾಳಿಯಲ್ಲಿ ನಿಂತು ಮಿಶೆಲ್ ಸಿಗರೇಟು ಹಚ್ಚಿದಳು. "ಬಸ್ಸು ತಪ್ಪೋಯ್ತು," ಎಂದಳು. ಮಗಳ ಕಡೆ ತಿರುಗಿ, "ಇವಳಿಗೆ ಈಗ ಉಸಿರಿನ ಪಂಪು ಬೇಕಾಗಲ್ಲ. ಈ ಚಳಿಗಾಲ ಒಂದು ಸಲವೂ ಆಸ್ಪತ್ರೆಗೆ ಹೋಗ್ಲಿಲ್ಲ" ಎಂದಳು. ಮಗು ಹುಲ್ಲಿನ ಮೇಲೆ ಓಡುತ್ತಿತ್ತು. ಓಡುವಾಗ ಅದರ ಎದೆಯಿಂದ ಶಿಳ್ಳೆ ಬರುತ್ತಿರಲಿಲ್ಲ.

"ಒಳ್ಳೇದಾಯ್ತು," ಎಂದಳು ಗೇನರ್.

"ಒಳ್ಳೇದೇ ಆಯ್ತು. ಅದಕ್ಕೇ ನಿನ್ ಮೇಲೆ ಸಿಟ್ಟು ಇಟ್ಕೊಳಕ್ಕೂ ಆಗಲ್ಲ, ಬಿಡಕ್ಕೂ ಆಗಲ್ಲ." ಮಿಶೆಲ್ ಹೊಗೆ ಬಿಟ್ಟಳು. "ಅಲ್ಲಿ ನನಗೆ ಯಾರ ಹೆಸರೂ ಗೊತ್ತಿಲ್ಲ ಗೇನರ್. ಇಡೀ ದಿನ ಹಿತ್ತಲು ನೋಡ್ಕೊಂಡು ಇರ್ತೀನಿ."

ಡಾಮಿನಿಕ್ ಹತ್ತಿರ ಬಂದು ಕೈ ಕುಲುಕಿದ. ಮುಂದಿನ ತಿಂಗಳು ಬೇರೆ ಊರಿಗೆ, ಬೇರೆ ಕೆಲಸಕ್ಕೆ ಹೋಗುತ್ತೇನೆಂದ. ಈ ವರ್ಷದ ಅಂಕಿ ಬಂದಿದೆಯೇ ಎಂದು ಗೇನರ್ ಕೇಳಿದಳು. ಅವನಿಗೆ ಹೇಳಲು ಮನಸ್ಸಿರಲಿಲ್ಲ. ಏರಿದೆ, ಎಂದ ಕೊನೆಗೆ. ಚೆನ್ನಾಗಿಯೇ ಏರಿದೆ. ಪತ್ರಿಕೆಗೂ ಕೊಟ್ಟಿದ್ದಾರೆ.

"ಏರದೆ ಏನು?" ಎಂದಳು ಗೇನರ್. "ಗೊಣಗೋರ ಕಟ್ಟಡಾನೇ ಇಲ್ಲ. ಉಳಿದೋರು ಹೆದರಿದ್ದಾರೆ."

ಅವಳು ಸಮಿತಿ ಬಿಡುತ್ತಾಳೆಂದು ಎಲ್ಲರೂ ತಿಳಿದಿದ್ದರು. ಬಿಡಲಿಲ್ಲ. ಅವಳಿಗೀಗ ಗ್ರೋವ್ ಹಿಲ್ ಕಡೆ ಒಂದು ಸಾಲುಮನೆ ಸಿಕ್ಕಿತ್ತು, ಒಳ್ಳೆಯದೇ. ಮನೆಯಲ್ಲಿ ಕೂತರೆ ತಲೆ ತಿನ್ನುತ್ತಿತ್ತು. ಸಮಿತಿಯ ಸಭೆಯಲ್ಲಿ ಅವಳು ಒಂದೇ ಒಂದು ಬೇಡಿಕೆ ಇಟ್ಟಳು: ಜನರನ್ನು ಪ್ರಶ್ನೆ ಕೇಳುವ ಮೊದಲು, ಅವರ ಉತ್ತರದಿಂದ ಏನೇನು ಆಗಬಹುದು ಎಂಬುದನ್ನೂ ಹೇಳಿ. ಹೊಳೆಗೆ ಸುರಿದರೂ ಅಳೆದು ಸುರಿ ಅಂತಾರೆ, ನೀವು ಅಳೆದದ್ದೇ ಹೊಳೆಗೆ ಸುರಿಯೋಕೆ, ಎಂದಳು. ಡಾಮಿನಿಕ್‌ನ ಜಾಗಕ್ಕೆ ಬಂದಿದ್ದ ಹುಡುಗಿ ಬರೆದುಕೊಂಡಳು. ಮುಂದಿನ ಸಭೆಯಲ್ಲಿ ಉತ್ತರ ಬಂತು: ಸಲಹೆಯನ್ನು ಗಮನಕ್ಕೆ ತೆಗೆದುಕೊಳ್ಳಲಾಗಿದೆ. ಅಷ್ಟೇ.

ಆ ಬೇಸಿಗೆಯಲ್ಲಿ ಹೊಸ ಹುಡುಗಿ ಅವಳನ್ನು ಪೇಟೆಯಾಚೆಯ ಇನ್ನೊಂದು ಹಳೆಯ ಕಟ್ಟಡಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಯಾರೂ ಸಮೀಕ್ಷೆಯ ಫೋನಿಗೆ ಉತ್ತರಿಸುತ್ತಿರಲಿಲ್ಲವಂತೆ, ಅವರ ಮನವೊಲಿಸಬೇಕಿತ್ತು. ಗೇನರ್ ಮೂರನೆಯ ಅಂತಸ್ತಿನ ಒಂದು ಬಾಗಿಲು ತಟ್ಟಿದಳು. ಒಬ್ಬ ಮುದುಕಿ ತೆರೆದಳು, ಕೈಗೆ ಹಿಟ್ಟು ಮೆತ್ತಿತ್ತು. ಹಿಂದೆ ನಡುಮನೆಯ ಚಾವಣಿಯಲ್ಲಿ ತೇವದ ಕಂದು ಕಲೆ ಇಳಿದುಬಂದಿತ್ತು. ಅದರ ಕೆಳಗೆ ಒಂದು ಪಾತ್ರೆ ಇಟ್ಟಿದ್ದಳು.

"ನಿಜ ಹೇಳಿ ಅಂತೀರಲ್ಲ," ಎಂದಳು ಮುದುಕಿ, ಎಲ್ಲ ಕೇಳಿಸಿಕೊಂಡ ಮೇಲೆ. "ಹೇಳಿದ್ರೆ ಏನಾಗುತ್ತೆ?"

ಗೇನರ್ ಒಳಗೆ ಬರಬಹುದೇ ಎಂದು ಕೇಳಿ ಕೂತಳು. ಫುಲ್ಮರ್ ಹೌಸಿನದನ್ನೆಲ್ಲ ಹೇಳಿದಳು. ಓಡಿದ ಲಿಫ್ಟುಗಳನ್ನೂ ಹೇಳಿದಳು, ಉಕ್ಕಿನ ತಗಡುಗಳನ್ನೂ. ಹುಲ್ಲಿನ ಮೇಲೆ ಓಡಿದ ಮಗುವನ್ನೂ, ಕಿಟಕಿಗೆ ಬೆನ್ನು ಹಾಕಿ ಕೂತ ಸಿರಿಲ್‌ನನ್ನೂ. ಒಂದನ್ನೂ ಬಿಡಲಿಲ್ಲ. ಮುದುಕಿ ಕೈಯ ಹಿಟ್ಟನ್ನು ಉಜ್ಜಿ ಉಜ್ಜಿ ಉದುರಿಸುತ್ತಾ ಕೇಳಿದಳು.

"ಹಾಗಾದ್ರೆ ನಾನು ಸುಮ್ನಿರ್ತೀನಿ," ಎಂದಳು ಕೊನೆಗೆ. "ಪಾತ್ರೆ ಇಟ್ಟಿದೀನಲ್ಲ, ಸಾಕು. ನನ್ನ ಗೆಳತಿ ಇದೇ ಅಂತಸ್ತಲ್ಲಿ ಇದಾಳೆ. ಇಬ್ಬರೂ ಸೇರಿ ಬ್ರೆಡ್ ಮಾಡ್ಕೋತೀವಿ."

ಸುಮ್ಮನಿರಬೇಡಿ, ಹೇಳಿ ಎನ್ನಲು ಗೇನರ್‌ಳ ನಾಲಿಗೆ ಏಳಲಿಲ್ಲ. ಸುಮ್ಮನಿರಿ ಎನ್ನಲೂ ಏಳಲಿಲ್ಲ.

"ನೀವು ಹೇಳಿದ್ದು ಒಳ್ಳೇದಾಯ್ತು," ಎಂದು ಮುದುಕಿ ಸಮಾಧಾನ ಹೇಳುವವಳಂತೆ ಅವಳ ಮೊಣಕೈ ಮುಟ್ಟಿದಳು. ಬಾಗಿಲವರೆಗೂ ಬಂದು ಬೀಳ್ಕೊಟ್ಟಳು.

ಹೊರಗೆ ಹೊಸ ಹುಡುಗಿ ಮುಂದಿನ ಬಾಗಿಲಿನ ಬಳಿ ಕಾಯುತ್ತಿದ್ದಳು. "ಒಪ್ಪಿದ್ರಾ?" ಎಂದು ಉತ್ಸಾಹದಿಂದ ಕೇಳಿದಳು.

"ಇಲ್ಲ," ಎಂದಳು ಗೇನರ್. ಕಂಬಿ ಹಿಡಿದು ಒಂದು ಗಳಿಗೆ ಮಂಡಿಗೆ ಬಿಡುವು ಕೊಟ್ಟಳು. ಆಮೇಲೆ ಮುಂದಿನ ಬಾಗಿಲನ್ನು ತಾನೇ ತಟ್ಟಿದಳು.